ಇಬ್ಬರು ಹೋಗಬಾರದ ಮನೆ

ಮಿಲಿಟರಿ ಕ್ವಾರ್ಟರ್ಸಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳ ಮನೆಗೆ ಹೋಗುವುದಕ್ಕೂ ಒಂದು ಕ್ರಮವಿತ್ತು. ನನ್ನ ಯಜಮಾನರು ಸೈನ್ಯದಲ್ಲಿದ್ದಷ್ಟು ಕಾಲ ನಾನು ನಾಲ್ಕು ಕಂಟೋನ್ಮೆಂಟಿನ ನೀರು ಕುಡಿದವಳು. ನಾಲ್ಕರಲ್ಲೂ ನಮ್ಮಂಥ ಕ್ರೈಸ್ತರಿಗೆ ಪ್ರಾರ್ಥನೆಗೆಂದು ಒಂದೊಂದು ಪುಟ್ಟ ಚಾಪೆಲ್ ಇತ್ತು. ಒಂದಕ್ಕೆ ಸರಿಯಾದ ಗಂಟೆಯೂ ಇರಲಿಲ್ಲ, ರೈಲುಹಳಿಯ ತುಂಡೊಂದನ್ನು ತೂಗುಹಾಕಿ ಬಡಿಯುತ್ತಿದ್ದೆವು. ಫಾದರ್ ಬಲಿಪೂಜೆಗೆ, ಅದೇ ಮಾಸ್ ಪ್ರಾರ್ಥನೆಗೆ, ತಿಂಗಳಿಗೆ ಎರಡು ಸಲ ಬಂದರೆ ಹೆಚ್ಚು. ಉಳಿದದ್ದೆಲ್ಲ ನಮ್ಮ ಪಾಲು. ಪೀಠದ ಬಟ್ಟೆ ಒಗೆಯುವುದು, ಮಕ್ಕಳಿಗೆ ಜಪ ಕಲಿಸುವುದು, ಬಾಣಂತಿಯರಿಗೆ ಅಡುಗೆ ಕಳಿಸುವುದು. ಅದಕ್ಕಿಂತ ಮುಖ್ಯವಾಗಿ, ಗಂಡ ಗಡಿಯ ಕಡೆಗೆ ಹೋದ ಮನೆಗಳಿಗೆ ದಿನ ಬಿಟ್ಟು ದಿನ ಹೋಗಿ ಮುಖ ತೋರಿಸಿ ಬರುವುದು.

ನನಗೆ ಆ ಕೆಲಸ ಕಲಿಸಿದಾಕೆ ಜಾರ್ಖಂಡಿನ ಒಬ್ಬ ಸುಬೇದಾರರ ಹೆಂಡತಿ. ಎತ್ತರದ ಕಪ್ಪು ಹೆಂಗಸು, ನಗು ಮಾತ್ರ ಮನೆಗಳ ಇಡೀ ಸಾಲಿಗೆ ಕೇಳಿಸುವಂಥದ್ದು. ಆಕೆ ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: "ಯಾವತ್ತೂ ಇಬ್ಬರು ಜೊತೆಯಾಗಿ ಹೋಗಬೇಡ. ಬಿಳಿ ಉಡಬೇಡ. ಬರಿಗೈಲಿ ಹೋಗಬೇಡ. ಗೇಟಿನಿಂದಲೇ ಗಟ್ಟಿಯಾಗಿ ಕೂಗು, ಸಕ್ಕರೆ ಇದೆಯಾ ಅಂತಾದರೂ ಕೇಳು." ಯಾಕೆಂದರೆ ಕೆಟ್ಟ ಸುದ್ದಿ ಬರುವಾಗ ಇಬ್ಬರ ಜೊತೆಗೇ ಬರುತ್ತದೆ, ಮೆಲ್ಲಗೆ ನಡೆದು, ಬರಿಗೈಲಿ. ಕಿಟಕಿಯಿಂದ ಅಂಥ ಇಬ್ಬರನ್ನು ಕಂಡ ಹೆಂಗಸಿಗೆ ಆಮೇಲೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಸುದ್ದಿಗೆ ಕಾಲಿಲ್ಲ, ತರೋರ ಕಾಲೇ ಅದರ ಕಾಲು ಅಂತ ಹಿರಿಯೂರಿನ ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ಸೈನ್ಯ ಕಂಡವಳಲ್ಲ, ಆದರೂ ಮಾತು ಅದೇ.

ಈಗ ನಾವು ಚಿತ್ರದುರ್ಗದಲ್ಲಿದ್ದೇವೆ. ಯಜಮಾನರು ರಿಟೈರಾಗಿ ಕೆಲವು ವರ್ಷವಾಯಿತು. ಹಳೆಯ ಚಾಪೆಲ್ಲಿನ ಹೆಂಗಸರ ವಾಟ್ಸಾಪ್ ಗುಂಪೊಂದು ಇನ್ನೂ ಇದೆ, ಹಬ್ಬಕ್ಕೆ ಹೂವಿನ ಚಿತ್ರ ಕಳಿಸಿಕೊಳ್ಳುತ್ತೇವೆ, ಅಷ್ಟೇ. ಹೋದ ಚಳಿಗಾಲದಲ್ಲಿ, ಈಗ ಅಲ್ಲಿನ ಕೆಲಸ ನೋಡಿಕೊಳ್ಳುವ ಮಲಯಾಳಿ ಹೆಂಗಸು ಫೋನನ್ನೇ ಮಾಡಿದಳು. "ನಿಮ್ಮ ಜಿಲ್ಲೆಯ ಹುಡುಗಿ, ಹೊಳಲ್ಕೆರೆ. ಏಳು ತಿಂಗಳು. ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಗಂಡ ಮೇಲೆ ಹಿಮದಲ್ಲಿರುವ ಗಡಿ ಪೋಸ್ಟಿಗೆ ಹೋಗಿದ್ದಾನೆ, ಹನ್ನೊಂದು ದಿನದಿಂದ ಫೋನಿಲ್ಲ. ಊಟ ಬಿಟ್ಟಿದ್ದಾಳಂತೆ. ನೀವು ಒಂದು ಸಲ ಹೋಗಿ ಬನ್ನಿ."

ಯಜಮಾನರಿಗೆ ಹೇಳಿದೆ. "ಹನ್ನೊಂದು ದಿನ ಏನ್ ಮಹಾ? ಹಿಮ ಬಿದ್ರೆ ಲೈನ್ ಹೋಗ್ತೈತೆ" ಅಂದರು. ಅಂದವರು ಎದ್ದು ಹೋಗಿ, ನೋಡುತ್ತಿದ್ದ ಟಿವಿ ವಾರ್ತೆ ಆಫ್ ಮಾಡಿದರು. ನಾನು ರಾತ್ರಿಯೇ ಅವರೆಕಾಯಿ ಬಿಡಿಸಿಟ್ಟೆ.

ಮಾರನೆಯ ಬೆಳಿಗ್ಗೆ ಅವರೆಕಾಳಿನ ಸಾರು, ಮುದ್ದೆ ಮಾಡಿ ಡಬ್ಬಿ ಕಟ್ಟಿಕೊಂಡು ಹೊರಟರೆ ಪಕ್ಕದ ಮನೆಯಾಕೆ ಎದುರಾದಳು. ಬಾಗೂರಿನ ಕಡೆಯ ಹೆಂಗಸು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮಠದ ಕಾರ್ಯಕ್ರಮಕ್ಕೆಂದು ಬೆಳ್ಳಗೆ ಬಿಳಿ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಇಟ್ಟಿದ್ದಳು.

"ಎಲ್ಲಿಗೇ?" ಅಂದಳು. ಹೇಳಿದೆ.

"ಅಯ್ಯೋ ಪಾಪ. ಒಬ್ಳೇ ಹೋಗ್ತೀಯಾ? ನಿನ್ ಮೊಣಕಾಲು ನೋಡು, ಬಸ್ ಹತ್ತೋಕೆ ಇಬ್ರು ಎತ್ತಬೇಕು. ನಡಿ, ನಾನೂ ಬರ್ತೀನಿ, ಹೋಗಾಣ. ಸ್ವಾಮಿಗಳ ಪ್ರವಚನ ಮುಂದಿನ ವಾರನೂ ಐತೆ."

ಬೇಡ ಅನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿಜ ಹೇಳುತ್ತೇನೆ, ಜೊತೆ ಸಿಕ್ಕಿತಲ್ಲ ಎಂದು ಸಮಾಧಾನವೇ ಆಯಿತು. ಬಸ್ಸಿನಲ್ಲಿ ಆಕೆ ಡಬ್ಬಿಯನ್ನು ನನ್ನ ಕೈಯಿಂದ ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. "ಆ ಹುಡ್ಗಿಗೆ ಏನ್ ಹೇಳ್ತೀಯೇ?" ಎಂದು ಕೇಳಿದಳು. ನಾನು ದಾರಿಯುದ್ದಕ್ಕೂ ಅದನ್ನೇ ಹುಡುಕುತ್ತಿದ್ದೆ.

ಮನೆ ಹೊಸದುರ್ಗ ರಸ್ತೆಯಿಂದ ಒಳಗೆ ಒಂದು ಓಣಿಯಲ್ಲಿತ್ತು. ತಗಡಿನ ಗೇಟು, ಬಾಗಿಲ ಮೇಲೆ ಚಾಪೆಲ್ಲಿನಲ್ಲಿರುವಂಥದೇ ಮಾತೆಯ ಸಣ್ಣ ಪಟ. ನೆರೆಯವರ ನಾಯಿ ಗುರ್ ಎಂದದ್ದರಿಂದ ಪಕ್ಕದ ಮನೆಯಾಕೆ ನನ್ನ ತೋಳು ಹಿಡಿದು, "ಮೆಲ್ಲಗೆ ಬಾ, ಮಾತಾಡ್ಬ್ಯಾಡ" ಎಂದಳು. ಇಬ್ಬರೂ ಸದ್ದಿಲ್ಲದೆ ಅಂಗಳ ದಾಟಿದೆವು. ಕಿಟಕಿಯಲ್ಲಿ ಒಂದು ಮುಖ ಕಂಡಿತು. ಪರದೆ ಬಿತ್ತು. ಒಳಗಿನಿಂದ ಚಿಲಕ ಹಾಕಿದ ಸದ್ದು.

"ಬಾಗ್ಲು ತೆಗೀಮ್ಮಾ" ಅಂದೆ.

"ಯಾರು ಕಳ್ಸಿದ್ದು ನಿಮ್ನ?" ದನಿ ಬಾಗಿಲ ಹಿಂದೆಯೇ ಇತ್ತು.

"ಚಾಪೆಲ್ಲಿಂದ ಫೋನ್ ಬಂದಿತ್ತಮ್ಮ..."

ಒಳಗೆ ಏನೋ ಪಾತ್ರೆ ಉರುಳಿತು. "ಫಾದರ್ ಹಿಂದೆ ಬರ್ತಿದಾರಾ? ಹೇಳ್ಬ್ಯಾಡ್ರಿ. ಏನೂ ಹೇಳ್ಬ್ಯಾಡ್ರಿ. ಹೋಗ್ರಿ ನೀವು!"

"ಏನಾತೇ ಇವಳಿಗೆ?" ಎಂದಳು ಪಕ್ಕದ ಮನೆಯಾಕೆ. "ಲೇ ಹುಡ್ಗಿ, ಸಾರು ತಂದೀವಿ, ಆರೋಗ್ತೈತೆ!"

ಆಗ ಆಕೆಯ ಬಿಳಿ ಸೀರೆಯ ಕಡೆ ತಿರುಗಿ ನೋಡಿದೆ, ನನ್ನ ಬರಿಗೈ ನೋಡಿಕೊಂಡೆ. ಹತ್ತಾರು ಹೊಸ ಹೆಂಗಸರಿಗೆ ನಾನೇ ಹೇಳಿಕೊಟ್ಟಿದ್ದ ಪಾಠ. ಏಳು ತಿಂಗಳ ಬಸುರಿಯ ಮುಂದೆ ಒಂದೂ ಬಿಡದೆ ಮುರಿದಿದ್ದೆ.

"ಇಲ್ಲ ಕಣಮ್ಮ, ಅದಲ್ಲ! ನಾವು ಸುದ್ದಿ ತಂದಿಲ್ಲ. ನನ್ ತಪ್ಪು, ಇಬ್ರು ಬಂದ್ಬಿಟ್ವಿ" ಎಂದು ಬಾಗಿಲಿಗೆ ಬಾಯಿಟ್ಟು ಹೇಳಿದೆ.

"ಹಂಗಾದ್ರೆ ಅವ್ರು ಚೆನ್ನಾಗಿದಾರೆ ಅಂತ ಆಣೆ ಮಾಡ್ರಿ."

"ಆಣೆ ಕಣವ್ವ, ಗುಂಡುಕಲ್ಲಿನಂಗೆ ಇದಾನೆ!" ಎಂದು ಪಕ್ಕದ ಮನೆಯಾಕೆ ಒಂದೇ ಉಸಿರಿಗೆ ಕೂಗಿದಳು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಪಾಪ, ಅವಳದು ಪ್ರೀತಿಯ ಆಣೆ. ಆದರೆ ನಾಳೆ ಸುಳ್ಳಾದರೆ? ಈ ಹುಡುಗಿ ಜೀವಮಾನವಿಡೀ ಯಾರ ಮಾತನ್ನು ನಂಬಬೇಕು?

"ನಂಗೆ ಗೊತ್ತಿಲ್ಲಮ್ಮ" ಅಂದೆ. "ಅವರು ಹೆಂಗಿದಾರೆ ಅಂತ ನಿಂಗೆಷ್ಟು ಗೊತ್ತೋ ನಂಗೂ ಅಷ್ಟೇ. ಫೋನಿಲ್ಲ ಅಂದ್ರು, ನೀ ಉಂಡಿಲ್ಲ ಅಂದ್ರು, ಅದ್ಕೆ ಬಂದೆ."

ಚಿಲಕ ಸರಿಯಿತು.

ಇಪ್ಪತ್ತೆರಡು ದಾಟದ ಹುಡುಗಿ. ಎರಡೂ ಕೈ ಹೊಟ್ಟೆಯ ಮೇಲಿದ್ದವು. "ಸುದ್ದಿ ತಂದೋರಿಗೆ ಎಲ್ಲಾ ಗೊತ್ತಿರ್ತೈತೆ. ಎಲ್ಲಿ, ಯಾವಾಗ, ಎಲ್ಲಾ. ನೀವು ಗೊತ್ತಿಲ್ಲ ಅಂದ್ರಿ, ಅದ್ಕೆ ತೆಗ್ದೆ" ಅಂದಳು. ಆಮೇಲೆ ಗೋಡೆಗೆ ಒರಗಿ, "ಆಂಟಿ, ಹೊಟ್ಟೆ ಗಟ್ಟಿಯಾಗ್ತೈತೆ."

ಆ ಬಿಗಿ ಬಿಡಲು ಒಂದು ಗಂಟೆ ಹಿಡಿಯಿತು. ಪಕ್ಕದ ಮನೆಯಾಕೆ ಅವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಬೆಚ್ಚಗಿನ ನೀರು ಕುಡಿಸಿ, ಬೆನ್ನು ನೀವುತ್ತ ಕೂತಳು. ಆಸ್ಪತ್ರೆಗೆ ಬೇಕಾದೀತೆಂದು ನಾನು ಆಟೋದವನನ್ನು ಗೇಟಿನಲ್ಲಿ ನಿಲ್ಲಿಸಿ ಬಂದೆ. ಸಂತೆಗೆ ಹೋಗಿದ್ದ ಅವಳ ತಾಯಿ ಬಂದು, ಆಟೋ ನೋಡಿ, ಚೀಲ ಅಲ್ಲೇ ಕೆಡವಿ ಓಡಿಬಂದಳು. ಅವಳಿಗೂ ಎಲ್ಲ ಹೇಳಬೇಕಾಯಿತು. "ಇನ್ನೊಂದ್ ಸಲ ಹಿಂಗ್ ಬಂದ್ರೆ ನೋಡ್ರಿ" ಎಂದಳು, ನ್ಯಾಯವಾಗಿಯೇ. ಹುಡುಗಿ ಕಣ್ಣು ಮುಚ್ಚಿ ಮಣಿ ಎಣಿಸುತ್ತ ಜಪ ಮಾಡುತ್ತಿದ್ದಳು, ನಾನೂ ಸೇರಿದೆ. ಲೆಕ್ಕ ಎರಡು ಸಲ ತಪ್ಪಿತು. ಕೊನೆಗೆ ಬಿಗಿ ಸಡಿಲಾಯಿತು, ಮಗು ಒದೆಯಿತು. ಆಟೋದವನಿಗೆ ಕೈಮುಗಿದು ಕಳಿಸಿದೆವು.

"ಏಳವ್ವ, ಎರಡು ತುತ್ತು ಉಣ್ಣು" ಎಂದು ಪಕ್ಕದ ಮನೆಯಾಕೆ ಮುದ್ದೆ ಮುರಿದಳು. "ನೀ ಉಣ್ಣದಿದ್ರೆ ನಾನೇ ಉಣ್ತೀನಿ, ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ಪ್ರಸಾದಕ್ಕೂ ಎರವಾದೆ ನಿನ್ನಿಂದ." ಹುಡುಗಿ ಸಣ್ಣಗೆ ನಕ್ಕು ಬಾಯಿ ತೆರೆದಳು.

ಆ ದಿನ ಫೋನ್ ಬರಲಿಲ್ಲ. ಮರುದಿನ ಒಬ್ಬಳೇ ಹೋದೆ, ಅವತ್ತೂ ಬರಲಿಲ್ಲ. ಸಂಜೆ ಬಸ್ಸಿಗೆ ಕಾಯುತ್ತ ನಿಂತವಳಿಗೆ, ಬಾಗಿಲ ಹೊರಗೆ ಆಣೆ ಮಾಡದೆ ಇದ್ದದ್ದೇ ತಪ್ಪಾಯಿತೇನೋ, ಆ ಹುಡುಗಿ ನಾಲ್ಕು ದಿನವಾದರೂ ನಿದ್ದೆ ಮಾಡುತ್ತಿದ್ದಳಲ್ಲ ಅನ್ನಿಸಿತು.

ಮೂರನೆಯ ದಿನ ನಾನು ಓಣಿಯ ತಿರುವಿಗೆ ಬರುವಷ್ಟರಲ್ಲಿ ಅವಳು ಜಗಲಿಯಿಂದ ಎದ್ದು ನಿಂತಳು. ಅಳುತ್ತಿದ್ದಳು. ನಾನು ಅಲ್ಲೇ ನಿಂತೆ.

"ಮಾತಾಡಿದ್ರು ಆಂಟಿ! ಎರಡೇ ನಿಮಿಷ. ಹದಿನಾಲ್ಕು ದಿನ ಆದ್ಮೇಲೆ ಫೋನ್ ಮಾಡಿ ಏನಂದ್ರು ಗೊತ್ತಾ? ಹಲ್ಲು ನೋವಂತೆ! ನನ್ ಕೇಳ್ಲಿಲ್ಲ, ಮಗು ಕೇಳ್ಲಿಲ್ಲ, ಬರೀ ಹಲ್ಲು, ದವಡೆ ಹಲ್ಲು!"

ಅಷ್ಟು ಬೈದವಳು ಜಗಲಿಯ ಮೇಲೆ ಕುಸಿದು ಕೂತು, ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. "ಆಂಟಿ, ಅಷ್ಟು ಮೇಲೆ ಹಲ್ಲಿನ ಡಾಕ್ಟ್ರು ಇರ್ತಾರಾ?"