ಗೂಟದಿಂದ ಇಳಿಸಿದ ಲಂಗೋಟಿ

ನನ್ನ ಹೊಲಿಗೆ ಮಷೀನಿನ ಎಡಗಡೆಯ ಡ್ರಾವರ್ ಎಷ್ಟೋ ವರ್ಷಗಳಿಂದ ಬಿಗಿದುಕೊಂಡು ಕೂತಿತ್ತು. ಹೋದ ವಾರ ಮಗ ಉಳಿ ಹಾಕಿ ಎತ್ತಿದ. ತುಕ್ಕು ಹಿಡಿದ ಬಾಬಿನ್‌ಗಳು, ಮುರಿದ ಕತ್ತರಿ, ಒಂದು ಹಿಡಿ ಗುಂಡಿ, ಅವುಗಳ ಕೆಳಗೆ ಸುರುಳಿ ಸುತ್ತಿದ ಕೆಂಪು ಬಟ್ಟೆ. ಬಿಚ್ಚುವ ಮೊದಲೇ ವಾಸನೆ ಬಂತು. ಎಣ್ಣೆ, ಅರಿಷಿಣ, ಕರ್ಪೂರ, ಹುಳಿ ಮಜ್ಜಿಗೆ ಎಲ್ಲ ಕುಡಿದ ಕೆಮ್ಮಣ್ಣಿನ ವಾಸನೆ... ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ನನ್ನ ಮೂಗಿಗಂತೂ ಉಳಿದಿತ್ತು.

ಮಗ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಆ ಸೇಂದಿ ಪೈಲ್ವಾನಂದೇನ್ ಅಪ್ಪಾ?" ಎಂದು ಕೇಳಿದ. ನನ್ನ ಮಗ ಪೈಲ್ವಾನನನ್ನು ಕಂಡವನಲ್ಲ. ಅವನು ಹುಟ್ಟುವ ಮೊದಲೇ ಪೈಲ್ವಾನ ಹೋಗಿದ್ದ. ಆದರೂ ಆ ಹೆಸರು ಇವನ ಬಾಯಲ್ಲಿ ಸಲೀಸಾಗಿ ಬಂತು. ನಾನು ಬಟ್ಟೆ ಕಸಿದುಕೊಂಡು ಒಳಗೆ ಹೋದೆ.

ಚಿತ್ತಾಪುರದ ಬಜಾರಿನಲ್ಲಿ ನಾನು ಅಂಗಡಿ ಹಾಕಿದ ಹೊಸದು ಅದು. ಮೈಸೂರು ರಾಜ್ಯ ಎಂಬ ಹೆಸರು ಹೋಗಿ ಕರ್ನಾಟಕ ಆಗಿ ಒಂದೆರಡು ವರ್ಷ ಆಗಿರಬೇಕು. ನಮ್ಮ ಮನೆಗೂ ಪೈಲ್ವಾನನ ಮನೆಗೂ ಒಂದೇ ಗೋಡೆ. ಅವನಿಗೆ ಹೊಲವಿಲ್ಲ, ನೌಕರಿಯಿಲ್ಲ. ಕುಸ್ತಿಯೇ ಅವನ ಕಸುಬು. ದಸರೆಯಿಂದ ಬಸವ ಜಯಂತಿವರೆಗೆ ಶಹಾಬಾದ, ಸೇಡಂ, ಚಿಂಚೋಳಿ, ಅತ್ತ ಸೋಲಾಪುರದವರೆಗೆ ಹೋಗಿ ಆಡುತ್ತಿದ್ದ, ಗೆದ್ದು ತಂದದ್ದರಲ್ಲಿ ಮನೆ ನಡೆಯುತ್ತಿತ್ತು. ಅವನ ಲಂಗೋಟಿ ನಾನೇ ಹೊಲಿಯಬೇಕು, ಬೇರೆಯವರು ಹೊಲಿದದ್ದು ಅವನಿಗೆ ಸೇರುತ್ತಿರಲಿಲ್ಲ. ನನ್ನ ಒಂದು ಸ್ಟೂಲನ್ನು ಕೂತು ಮುರಿದ ಮೇಲೆ ಅಂಗಡಿಯೊಳಗೆ ಕೂಡುವುದನ್ನೇ ಬಿಟ್ಟು ಹೊರಗಿನ ಶಹಾಬಾದ ಕಲ್ಲಿನ ಕಟ್ಟೆಯ ಮೇಲೆ ಕೂಡುತ್ತಿದ್ದ. "ಈ ಕಲ್ಲ ಮುರದ್ರ ಖಣಿಯಾಂವಗ ಬೈ, ನಂಗ ಬೈಬ್ಯಾಡ," ಎನ್ನುತ್ತಿದ್ದ.

ನಮ್ಮ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಒಂದು ಪದ್ಧತಿಯಿತ್ತು. ಕಾರ ಹುಣ್ಣಿಮೆಯ ದಿನ ಎತ್ತುಗಳ ಹೆಗಲಿಂದ ನೊಗ ಇಳಿಸಿ ಮೈ ತೊಳೆಯುವ ಹೊತ್ತಿಗೆ ಪೈಲ್ವಾನನೂ ತನ್ನ ಲಂಗೋಟಿಯನ್ನು ಒಗೆದು, ಮಾರುತಿ ದೇವರ ಬಲಗಡೆಯ ಗೂಟಕ್ಕೆ ನೇತು ಹಾಕುತ್ತಿದ್ದ. ಅಲ್ಲಿಂದ ನಾಗರ ಪಂಚಮಿವರೆಗೆ ಅಖಾಡದ ಮಣ್ಣಿಗೆ ಸಲಿಕೆ ತಾಕುವಂತಿಲ್ಲ, ಪೈಲ್ವಾನನಿಗೆ ನೇಮ ಇಲ್ಲ. ಪಂಚಮಿಗೆ ಮೊದಲಿನ ಮೂರು ಶನಿವಾರ ಸೇಂದಿ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ತನ್ನ ಕೈಯಾರೆ ಇಳಿಸಿಕೊಳ್ಳಬೇಕು. ಯಾರೇ ಇಳಿಸಿರಲಿ, ಒಮ್ಮೆ ಇಳಿಸಿದ ಲಂಗೋಟಿಯನ್ನು ಕುಸ್ತಿಯಾಡದೆ ಮತ್ತೆ ಗೂಟಕ್ಕೆ ಹಾಕುವಂತಿಲ್ಲ. ಹಾಕಿದವನನ್ನು ಊರು ಗಂಡಸು ಅನ್ನುತ್ತಿರಲಿಲ್ಲ.

ಆ ಎರಡು ತಿಂಗಳು ನಮ್ಮ ಪೈಲ್ವಾನನನ್ನು ನೋಡಬೇಕಿತ್ತು! ಸೇಡಂ ರಸ್ತೆಯ ಸೇಂದಿ ಮರಗಳ ಕೆಳಗೆ ಅವನ ದರ್ಬಾರು. ನಾಲ್ಕಾರು ದೋಸ್ತರು, ಒಂದು ಹಂಡೆ ಮಟನ್ನು, ಹಾಡು, ನಗೆ. ಹತ್ತು ತಿಂಗಳು ಬಾದಾಮಿ ಹಾಲು ಬಿಟ್ಟು ಏನೂ ಮುಟ್ಟದವನು ಗಡಿಗೆಗಟ್ಟಲೆ ಕುಡಿದು, ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನನ್ನ ಕಟ್ಟೆಯ ಮೇಲೆ ಕೂಡುತ್ತಿದ್ದ. ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ. ಹೋಗುವ ಬರುವ ಮಕ್ಕಳನ್ನೆಲ್ಲ ಎತ್ತಿ ಹೆಗಲ ಮೇಲೆ ಕೂಡಿಸಿಕೊಳ್ಳುತ್ತಿದ್ದ, ಅಷ್ಟೇ.

ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅಪ್ಪ ಕುಡಿದು ಕುಡಿದೇ ಹೋದವನು. ಸೇಂದಿಯ ವಾಸನೆ ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುತ್ತಿರಲಿಲ್ಲ.

"ಮೈ ಮ್ಯಾಲ ಹೊಟ್ಟಿ ಹೊರಕೊಳ್ಳಾಂವ ನೀ. ಹೆಂಡ್ತಿ ಮಕ್ಕಳ ಅನ್ನ ಆ ಮೈಯಾಗ ಅದ. ಅದಕ್ಕ ಸೇಂದಿ ಸುರಕೊಳ್ಳಿಕತ್ತೀದಿ, ನಾಚಿಕಿ ಬರಂಗಿಲ್ಲೇನೋ?" ಎಂದು ಒಂದು ದಿನ ಕೂಗಾಡಿದೆ.

"ಕಾರ ಹುಣ್ಣಿವಿಗಿ ಎತ್ತಿನ ನೊಗ ಇಳಸ್ತಾರ, ಹೋಳಗಿ ತಿನಸ್ತಾರ, ಕೋಡಿಗಿ ಬಣ್ಣ ಹಚ್ತಾರ. ನಾ ಎತ್ತಿಗಿಂತ ಕಡಿಮಿ ಏನು, ದರ್ಜಿ?" ಎಂದ.

"ಮರುದಿನ ಕೂರಗಿಗಿ ಹೂಡ್ತಾರ ನೋಡು, ಅದನ್ಯಾಕ ಹೇಳಂಗಿಲ್ಲ?"

ಅವನು ಕಟ್ಟೆ ಅಲುಗುವ ಹಾಗೆ ನಕ್ಕ. "ಹೂಡೋರು ಹೂಡ್ಲಿ. ನೀ ಹೂಡಬ್ಯಾಡ, ಅಷ್ಟ ಮಾಡು," ಎಂದ. ಆ ಮಾತು ನನಗೆ ಆಗ ಬರೀ ಚೇಷ್ಟೆಯಾಗಿ ಕೇಳಿಸಿತ್ತು.

ಅದೇ ಆಷಾಢದಲ್ಲಿ ಸೋಲಾಪುರ ಕಡೆಯ ಪೈಲ್ವಾನನೊಬ್ಬ ವಾಡಿ ಸ್ಟೇಷನ್ನಿನಲ್ಲಿ ಇಳಿದ. ನಮ್ಮ ಊರಿಗೆ ಬಂದು, ಮುಂದೆ ಹಲಗೆ ಬಾರಿಸುವವರನ್ನು ಬಿಟ್ಟುಕೊಂಡು, ಬಲಗೈ ಮೇಲೆತ್ತಿ ಬಜಾರಿನ ತುಂಬ ತಿರುಗಿದ. ಆ ಕೈಗೆ ಯಾರು ಕೈ ಕೊಡುತ್ತಾರೋ ಅವರ ಜೊತೆ ಕುಸ್ತಿ. ಮೂರು ದಿನ ತಿರುಗಿದ. ಯಾರೂ ಕೈ ಕೊಡಲಿಲ್ಲ. ತಾಲೀಮಿನ ಹಿರಿಯರು ಹೋಗಿ ನಮ್ಮವನನ್ನು ಕೇಳಿದರೆ, "ಪಂಚಮಿ ಆದ ಮ್ಯಾಲ ಬಾ ಅನ್ರಿ ಅವಗ. ನಾ ಎಲ್ಲಿ ಓಡಿ ಹೋಗ್ಲಿಕತ್ತೀನ್ರಿ? ಈಗ ನಾನೂ ಮಲಗೀನಿ, ಮಣ್ಣೂ ಮಲಗ್ಯಾದ," ಎಂದ.

ಊರಿಗೆ ಅಷ್ಟು ಸಾಕಾಯಿತು. ಸೇಂದಿ ಕುಡಿದು ಅಂಜಿದ್ದಾನೆ ಎಂದರು. ಆ ಮಾತು ಮೊದಲು ಯಾರ ಬಾಯಿಂದ ಬಂತೋ ಗೊತ್ತಿಲ್ಲ, ನನ್ನ ಅಂಗಡಿಯಿಂದಲೇ ಹೊರಟಿದ್ದರೂ ಹೊರಟಿರಬಹುದು. ಖರೆ ಅಂದರೆ ಆ ನಾಲ್ಕು ದಿನ ಅವನು ಕುಡಿದೇ ಇರಲಿಲ್ಲ. ಮೇಲುಗಡೆ ಮಳೆಯಾಗಿ ಕಾಗಿಣಾ ಹೊಳೆ ತುಂಬಿತ್ತು, ಮರ ಹತ್ತಿ ಸೇಂದಿ ಇಳಿಸುವವನು ಆಚೆ ದಂಡೆಯಿಂದ ಬಂದಿರಲಿಲ್ಲ. ಒಂದೇ ಗೋಡೆಯ ಮನೆ, ನನಗೆ ಅದು ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಹಿರಿಯರು ನನ್ನ ಅಂಗಡಿಗೆ ಬಂದರು. "ಊರ ಮರ್ಯಾದಿ ಹೋಗ್ಲಿಕತ್ತದ. ಲಂಗೋಟಿ ಹೊಲಿದಾಂವ ನೀನು. ನಿನ್ನ ಕೈಲೆ ಇಳಸಿದ್ರ ಅಂವ ಇಲ್ಲ ಅನ್ನಂಗಿಲ್ಲ," ಎಂದರು. ನಾನು ಒಲ್ಲೆ ಅನ್ನಬಹುದಿತ್ತು. ಅನ್ನಲಿಲ್ಲ. ಊರಿನ ಮರ್ಯಾದೆಗಾಗಿ ಹೋದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಒಮ್ಮೆ ಸೋಲಲಿ, ಸೇಂದಿಯ ಅಮಲು ಇಳಿಯಲಿ, ನನ್ನ ಮಾತೇ ನಿಜ ಆಗಲಿ ಎಂಬ ಹಟ ನನ್ನ ಹೊಟ್ಟೆಯೊಳಗಿತ್ತು. ಸ್ಟೂಲು ಹಾಕಿಕೊಂಡು ಹತ್ತಿ ಗೂಟದಿಂದ ಲಂಗೋಟಿ ಇಳಿಸಿದೆ. ಇಡೀ ಬಜಾರು ನನ್ನ ಹಿಂದೆ ಬಂತು. ಅವನು ಮನೆಯ ಮುಂದೆ ಬೇವಿನ ಮರದ ಕೆಳಗೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದ. ಲಂಗೋಟಿಯನ್ನು ಅವನ ತೊಡೆಯ ಮೇಲೆ ಇಟ್ಟೆ.

ಅವನು ಲಂಗೋಟಿ ನೋಡಿದ, ಮಂದಿ ನೋಡಿದ, ಆಮೇಲೆ ನನ್ನನ್ನು ನೋಡಿದ.

"ನೀನ ಹೂಡಿದೇನೋ, ದರ್ಜಿ," ಎಂದ. ಸಿಟ್ಟಿಲ್ಲ, ಏನಿಲ್ಲ. ಜಡೆಯ ತುದಿಗೆ ರಿಬ್ಬನ್ ಕಟ್ಟಿ ಮುಗಿಸಿ ಎದ್ದ.

ಹೊರಗೆ ಬಯಲೆಲ್ಲ ಎರೆಮಣ್ಣಿನ ರಾಡಿ. ಹಾಗಾಗಿ ತಾಲೀಮಿನೊಳಗೆ, ತಗಡಿನ ಕೆಳಗಿನ ಅಖಾಡದಲ್ಲೇ ಕುಸ್ತಿ ಎಂದಾಯಿತು. ಆ ಕೆಮ್ಮಣ್ಣನ್ನು ಚಿಂಚೋಳಿ ಕಡೆಯಿಂದ ಬಂಡಿಯಲ್ಲಿ ತರಿಸಿದ್ದರು. ಕುಸ್ತಿಯ ತಿಂಗಳುಗಳಲ್ಲಿ ದಿನಾ ಅಗೆದು, ಎಣ್ಣೆ ಮಜ್ಜಿಗೆ ಹಾಕಿ ಕಲಸಿ, ಹಿಟ್ಟಿನ ಹಾಗೆ ಮಿದುವಾಗಿ ಇಡುತ್ತಿದ್ದರು. ಕಾರ ಹುಣ್ಣಿಮೆಯಿಂದ ಮುಟ್ಟದೆ ಬಿಟ್ಟದ್ದು ಗಟ್ಟಿಯಾಗಿ ಕೂತಿತ್ತು. ಸಲಿಕೆ ಹಾಕಿದರೆ ಠಣ್ಣೆಂದು ಹಿಂದಕ್ಕೆ ಪುಟಿಯಿತು. ನಾನು ಕಣ್ಣಾರೆ ನೋಡಿದೆ. ಮೇಲೆ ನಾಲ್ಕು ಬೆರಳು ಕೆರೆದು, ನೀರು ಚಿಮುಕಿಸಿ, ನಡೀತದ ಬಿಡು ಎಂದರು. ಬೇಡ ಎಂದು ನಾನೂ ಹೇಳಲಿಲ್ಲ.

ಲಂಗೋಟಿಯ ಹಿಂದಿನ ಗಂಟು ಯಾವಾಗಲೂ ನಾನೇ ಕಟ್ಟುವುದು. ಅವತ್ತೂ ಕಟ್ಟಿದೆ. ಕಟ್ಟುವಾಗ ಅವನು ಹೊರಳಿ ನನ್ನ ಮುಖದ ಹತ್ತಿರ ಮುಖ ತಂದು, "ಮೂಸಿ ನೋಡು. ಅದ ಏನು?" ಎಂದ. ಇರಲಿಲ್ಲ. ಅವನ ಬಾಯಲ್ಲಿ ಏಲಕ್ಕಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಕುಸ್ತಿ ಭಾಳ ಹೊತ್ತು ನಡೆಯಲಿಲ್ಲ. ನಮ್ಮವನೇ ಎರಡು ಸಲ ಅವನನ್ನು ಮಂಡಿಗೆ ತಂದ. ಮಂದಿ ತಗಡು ಹಾರುವ ಹಾಗೆ ಕೂಗಿದರು. ಮೂರನೆಯ ಸಲ ಸೋಲಾಪುರದವನು ಇವನನ್ನು ಎತ್ತಿ ಒಗೆದ. ಅಂಥ ಏಟುಗಳನ್ನು ಅವನು ನೂರು ಸಲ ತಿಂದು, ಮಣ್ಣು ಝಾಡಿಸಿಕೊಂಡು ಎದ್ದವನು. ಆದರೆ ಅವತ್ತು ಕೆಳಗೆ ಮಣ್ಣಿರಲಿಲ್ಲ, ಫರ್ಸಿ ಕಲ್ಲಿನಂಥ ನೆಲವಿತ್ತು. ಬಿದ್ದ ಸಪ್ಪಳ ಇವತ್ತಿಗೂ... ಇರಲಿ.

ಸೊಂಟ ಹೋಯಿತು. ಗುಲ್ಬರ್ಗಾಕ್ಕೆ ಒಯ್ದರು, ವಾಪಸು ತಂದರು. ಕೋಲು ಹಿಡಿದು ನಡೆಯುವಷ್ಟು ಆಯಿತೇ ಹೊರತು ಮೈ ಮತ್ತೆ ನೆಟ್ಟಗಾಗಲಿಲ್ಲ. ಊರು ಒಂದೇ ಮಾತು ಹೇಳಿತು. ಸೇಂದಿ ಕುಡಿದು ಅಖಾಡಕ್ಕೆ ಇಳಿದ, ಸೇಂದಿಯೇ ಕೆಡವಿತು. ಹುಡುಗರು ತಾಲೀಮಿಗೆ ಸೇರಿದರೆ ಹಿರಿಯರು ಅವನನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದರು. ಹೀಗೆ ಹೇಳಿದರೆ ಎಲ್ಲರಿಗೂ ಅನುಕೂಲವಿತ್ತು. ಮಣ್ಣು ಹದ ಮಾಡದವರಿಗೂ, ಲಂಗೋಟಿ ಇಳಿಸಿದವನಿಗೂ. ನಾನು ಅಂಗಡಿಯಲ್ಲಿ ಕೂತು, "ನಾ ಮದಲಾ ಹೇಳಿದ್ದೆ, ಕೇಳಲಿಲ್ಲ," ಎನ್ನುತ್ತಿದ್ದೆ.

ಅವನು ಮತ್ತೆ ಸೇಂದಿ ಮುಟ್ಟಲಿಲ್ಲ. ಕೋಲೂರಿಕೊಂಡು ಬಂದು ಅದೇ ಕಟ್ಟೆಯ ಮೇಲೆ ಕೂಡುತ್ತಿದ್ದ, ನಾನು ಚಹಾ ತರಿಸುತ್ತಿದ್ದೆ, ಆ ದಿನದ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮೂರನೆಯ ವರ್ಷ, ಕಾರ ಹುಣ್ಣಿಮೆಗೆ ಇನ್ನೂ ಎಂಟು ದಿನ ಇರುವಾಗ, ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ಮಗಳನ್ನು ಕರೆದುಕೊಂಡು ಕಾಳಗಿಯ ತವರಿಗೆ ಹೋಗುವವಳಿದ್ದಳು, ಬಸ್ಸಿಗೆ ಹೊತ್ತಾಗಿತ್ತು. ಅಂಗಡಿಯಲ್ಲಿ ತಾಲೀಮಿನ ಹಿರಿಯರಿಬ್ಬರು ಕೂತಿದ್ದರು.

"ಅಣ್ಣಾ, ಒಂದ ಮಾತ ಕೇಳ್ತೀನ್ರಿ," ಎಂದಳು. "ಅವತ್ತ ಅವ್ರು ಕುಡದಿದ್ರೇನ್ರಿ? ಮಂದಿ ಏನರ ಅನ್ಲಿ. ಗಂಟ ಕಟ್ಟಿದವ್ರು ನೀವು. ನಿಮಗ ಗೊತ್ತಿರ್ತದ. ನನ್ನ ಮಗಳಿಗಿ ನಾ ಹೇಳಬೇಕ್ರಿ."

ಒಂದು ಮಾತು. ಇಲ್ಲ ತಂಗಿ, ಕುಡಿದಿರಲಿಲ್ಲ... ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹಿರಿಯರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಷೀನಿನ ಗಾಲಿ ತಿರುಗಿಸುತ್ತ, "ನೆನಪಿಲ್ಲ ತಂಗಿ," ಎಂದೆ. ಅವಳು ಮಗಳ ಕೈ ಹಿಡಿದುಕೊಂಡು ಹೋದಳು. ಆ ಸಂಜೆಯೇ, ಕುಸ್ತಿಯ ದಿನ ಅವನ ಮೈಯಿಂದ ಬಿಚ್ಚಿ ನಾನು ಇಟ್ಟುಕೊಂಡಿದ್ದ ಲಂಗೋಟಿಯನ್ನು ಸುತ್ತಿ ಎಡಗಡೆಯ ಡ್ರಾವರಿನಲ್ಲಿ ತುರುಕಿದ್ದು. ಡ್ರಾವರ್ ತಾನಾಗಿ ಬಿಗಿದುಕೊಂಡಿತೋ, ನಾನೇ ತೆಗೆಯಲಿಲ್ಲವೋ, ಈಗ ಹೇಳಲಾರೆ.

ಹತ್ತು ತಿಂಗಳು ಮೈ ದಂಡಿಸುವವನು ಎರಡು ತಿಂಗಳು ಕುಡಿಯಬೇಕೋ ಬೇಡವೋ ಎಂದು ಈಗಲೂ ಬಜಾರಿನಲ್ಲಿ ವಾದ ನಡೆಯುತ್ತದೆ. ಕುಡಿಯದಿದ್ದರೆ ಒಳ್ಳೆಯದು ಎಂದೇ ನಾನು ಇವತ್ತಿಗೂ ಹೇಳುವವನು. ಆದರೆ ಅವನು ಕೇಳಿದ್ದು ಸೇಂದಿ ಅಲ್ಲ, ನೊಗವಿಲ್ಲದ ಎರಡು ತಿಂಗಳು. ಅದನ್ನು ನಾನು ಕೊಡಲಿಲ್ಲ.

ಮೊನ್ನೆ ಲಂಗೋಟಿ ಹಿಡಿದುಕೊಂಡು ಕಾಳಗಿಗೆ ಹೋಗಿ ಬಂದೆ. ಪೈಲ್ವಾನನ ಹೆಂಡತಿ ತೀರಿಕೊಂಡು ಆರು ವರ್ಷ ಆಯಿತಂತೆ. ಮಗಳನ್ನು ಎಲ್ಲಿಗೆ ಕೊಟ್ಟರೋ ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಬಂದು ಅಂಗಡಿಯಲ್ಲಿ ಕೂತೆ. ಮಗ ಗಿರಾಕಿಯ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ. "ಅಂವ ಅವತ್ತ ಕುಡದಿದ್ದಿಲ್ಲ," ಎಂದೆ.

"ಯಾರಪಾ?"

"ಪೈಲ್ವಾನ. ಕುಡದಿದ್ದಿಲ್ಲ. ನಾ ಮೂಸಿ ನೋಡೀನಿ."

ಮಗ ತಲೆ ಎತ್ತದೆ, "ಬಿಡಪಾ, ಈಗ ಯಾರ್ ಕೇಳ್ಯಾರ ಅದನ್ನ?" ಎಂದ.

ಕೇಳಿದ್ದಳು. ಇದೇ ಅಂಗಡಿಯಲ್ಲಿ, ಅವನು ನಿಂತಿರುವ ಜಾಗದಲ್ಲೇ ನಿಂತು, ಮಗಳ ಕೈ ಹಿಡಿದುಕೊಂಡು ಕೇಳಿದ್ದಳು.