ಶನಿವಾರಕ್ಕೇ ನಿಂತ ಹಸಿರು ದೀಪ

ಸುಲಭಾ ಲೋಖಂಡೆಗೆ ಬರಬೇಕಾದ ಮೂರು ತಿಂಗಳ ಸಂಬಳ ಇನ್ನೂ ಬಾಕಿ ಇದೆ. ಅವಳು ದುಡಿದ ಪುಣೆಯ ಕಂಪನಿ ಕೊಟ್ಟಿಲ್ಲ, ಅವಳನ್ನು ಗುತ್ತಿಗೆಯ ಮೇಲೆ ಅಲ್ಲಿಗೆ ಕಳಿಸಿದ ದಲ್ಲಾಳಿಯೂ ಕೊಟ್ಟಿಲ್ಲ. ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿಕೊಂಡು ಆರಾಮಾಗಿದ್ದಾರೆ. ಕೇಳಲು ಹೋದರೆ ಕಾವಲುಗಾರ ಗೇಟಿನಲ್ಲೇ ತಡೆಯುತ್ತಾನೆ. ಅವನೂ ಗುತ್ತಿಗೆಯವನೇ, ಅವನನ್ನು ಬೈದು ಏನು ಬಂತು.

ಸುಲಭಾ ಹಡಪ್ಸರದ ಮಾತಂಗ ಕೇರಿಯವಳು. ಅಪ್ಪ ಮದುವೆಗಳಲ್ಲಿ ಹಲಗೆ ಬಾರಿಸುತ್ತಿದ್ದ, ಅವ್ವ ಆಫೀಸುಗಳ ನೆಲ ಒರೆಸುತ್ತಿದ್ದಳು. ಮಗಳು ಅಂಥದೇ ಒಂದು ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತಳು. ಅಲ್ಲಿ ತಯಾರಾಗುತ್ತಿದ್ದದ್ದು ಡೇಟಾಬೇಸ್: ಕೋಟಿಗಟ್ಟಲೆ ದಾಖಲೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೇಳಿದ ಪ್ರಶ್ನೆಗೆ ಬೇಕಾದಷ್ಟನ್ನೇ ಹೆಕ್ಕಿ ಕೊಡುವ ಎಂಜಿನ್ನು. ಪ್ರಶ್ನೆ ಬಂದ ಕೂಡಲೇ ಅದು ಹುಡುಕಲು ಓಡುವುದಿಲ್ಲ. ಹೇಗೆ ಹುಡುಕಿದರೆ ಬೇಗ ಮುಗಿದೀತು ಎಂದು ಮೊದಲು ಯೋಚಿಸುತ್ತದೆ. ಆ ಯೋಚನೆಯ ಒಂದು ತುಂಡು ಸುಲಭಾಳದು. ಪ್ರಶ್ನೆಯೊಳಗೆ ಉತ್ತರ ಮೊದಲೇ ನಿಗದಿಯಾಗಿರುವ ಭಾಗಗಳಿದ್ದರೆ ಅವನ್ನು ಒಂದೇ ಸಲ ಬಿಡಿಸಿ, ಆ ಜಾಗದಲ್ಲಿ ಉತ್ತರವನ್ನೇ ಕೂರಿಸುವುದು. ಇಪ್ಪತ್ನಾಲ್ಕು ಗುಣಿಸು ಅರವತ್ತು ಎಂದು ಯಾರೋ ಬರೆದಿದ್ದರೆ ಕೋಟಿ ದಾಖಲೆಗೂ ಕೋಟಿ ಸಲ ಗುಣಿಸುವುದು ಕತ್ತೆ ಚಾಕರಿ. ಒಮ್ಮೆ ಗುಣಿಸಿಟ್ಟು ಮುಂದೆ ನಡೆ. ಒಂದು ಎರಡಕ್ಕೆ ಸಮವಾದರೆ ಮಾತ್ರ ಹೆಸರು ತೋರಿಸು ಎಂದು ಕೇಳಿದರೆ ಕಪಾಟಿನ ಬಾಗಿಲನ್ನೇ ತೆರೆಯಬೇಡ, ಯಾರೂ ಇಲ್ಲ ಅಂದುಬಿಡು.

ಅವಳ ಮೇಲಿನವನು ಪರಾಂಜಪೆ. ಎಲ್ಲರೆದುರಿಗೆ ನಗುತ್ತ ಒಮ್ಮೆ ಅಂದಿದ್ದ, "ಲೋಖಂಡೆಬಾಯಿ ಗುಡಿಸೋದ್ರಾಗ ಭಾಳ ಹುಷಾರ ಬಿಡ್ರಿ."

"ನೀವು ಚೆಲ್ಲೋದು ನಿಲ್ಲಸ್ರಿ ಸಾಹೇಬ್ರ, ನಾ ಗುಡಿಸೋದು ನಿಲ್ಲಸ್ತೀನಿ," ಎಂದು ಇವಳು ತಲೆ ಎತ್ತದೆಯೇ ಹೇಳಿದ್ದಳು. ಆಮೇಲೆ ಅವನು ಆ ಮಾತು ಆಡಲಿಲ್ಲ. ಮರೆಯಲೂ ಇಲ್ಲ.

ಆ ಎಂಜಿನ್ನನ್ನು ಪಕ್ಕದ ಊರಿನ ಪುರಸಭೆಗೆ ಮಾರುವ ಮಾತು ನಡೆದಿತ್ತು. ಊರಿನ ಒಳಚರಂಡಿಗಳಿಗೆ ವಿಷಗಾಳಿ ಅಳೆಯುವ ಸಾಧನ ಇಳಿಬಿಟ್ಟಿದ್ದರು. ಅಳತೆಗಳು ನಿಮಿಷ ನಿಮಿಷಕ್ಕೂ ಬಂದು ಡೇಟಾಬೇಸಿನಲ್ಲಿ ಬೀಳುತ್ತಿದ್ದವು, ಒಂದೊಂದು ದಿನದ್ದು ಒಂದೊಂದು ಖಾನೆಯಲ್ಲಿ. ಇಂದಿನ ಖಾನೆಯ ಕೊನೆಯ ಅಳತೆ ನೋಡಿ, ಗಾಳಿ ಕೆಟ್ಟಿದ್ದರೆ ಫೋನಿನ ಪರದೆಯ ಮೇಲೆ ಕೆಂಪು, ಇಲ್ಲದಿದ್ದರೆ ಹಸಿರು ದೀಪ. ಪುರಸಭೆಯ ದಿನ ಶುರುವಾಗುವುದು ನಡುರಾತ್ರಿಗಲ್ಲ, ಬೆಳಗಿನ ಪಾಳಿಗೆ. ಹಾಗಾಗಿ ಇಂದು ಯಾವ ದಿನ ಎಂದು ಹೇಳಲಿಕ್ಕೇ ಸುಲಭಾ ಒಂದು ಸಣ್ಣ ಸೂತ್ರ ಬರೆದಿದ್ದಳು.

ಇಂಥ ಪ್ರತಿ ಸೂತ್ರಕ್ಕೂ ಬರೆದವರು ಒಂದು ಮುದ್ರೆ ಒತ್ತಬೇಕು. ಮುದ್ರೆಗಳು ಮೂರು: ಯಾವಾಗ ಬೇಕಾದರೂ ಬದಲಾಗುವಂಥದು, ಈ ಒಂದು ಪ್ರಶ್ನೆ ಮುಗಿಯುವತನಕ ಬದಲಾಗದ್ದು, ಎಂದೆಂದಿಗೂ ಬದಲಾಗದ್ದು. ಎಂಜಿನ್ನು ಪರೀಕ್ಷೆ ಮಾಡುವುದಿಲ್ಲ, ಒತ್ತಿದವರ ಮಾತನ್ನು ನಂಬುತ್ತದೆ. ಇಂದು ಎಂಬುದಕ್ಕೆ ನಡುವಿನ ಮುದ್ರೆಯೇ ಸರಿ. ಆದರೆ ಆ ಮುದ್ರೆಯಿದ್ದಾಗ ಎಂಜಿನ್ನು ಎಲ್ಲ ಖಾನೆಗಳನ್ನೂ ತಡಕಾಡುತ್ತಿತ್ತು, ದೀಪ ಹತ್ತಲು ತಡವಾಗುತ್ತಿತ್ತು. ಶನಿವಾರ ಪುರಸಭೆಯವರ ಮುಂದೆ ಪ್ರದರ್ಶನ. ಎಂದೆಂದಿಗೂ ಬದಲಾಗದ್ದು ಎಂದು ಒತ್ತಿಬಿಡು, ದಿನವನ್ನು ಮೊದಲೇ ಬಿಡಿಸಿಕೊಂಡು ಒಂದೇ ಖಾನೆ ತೆರೆಯುತ್ತದೆ, ಆಮೇಲೆ ತೆಗೆದರಾಯಿತು ಎಂದ ಪರಾಂಜಪೆ. ಕೋಣೆಯಲ್ಲಿದ್ದ ಉಳಿದವರು ತಲೆಯಾಡಿಸಿದರು. ಬೇಡವೆನ್ನಬೇಕು ಎಂದು ಸುಲಭಾಳಿಗೆ ಅನ್ನಿಸಿತು. ಗುತ್ತಿಗೆ ಮುಂದುವರಿಸುವ ಕಾಗದಕ್ಕೆ ಅವನ ಸಹಿ ಬೇಕಿತ್ತು. ಒತ್ತಿದಳು.

ದೀಪ ಕಣ್ಣು ಮಿಟುಕಿಸುವುದರೊಳಗೆ ಹತ್ತಿತು. ಪುರಸಭೆಯವರು ಅಲ್ಲೇ ಒಪ್ಪಿಕೊಂಡರು. ಯಂತ್ರವನ್ನು ಓಡುತ್ತಿದ್ದ ಹಾಗೆಯೇ ಬಿಟ್ಟು, ಎಲ್ಲರೂ ಮಿಸಳ ತಿಂದು ಮನೆಗೆ ಹೋದರು. ಮುದ್ರೆ ತೆಗೆಯುವ ಕೆಲಸ ಆಮೇಲಿನ ಕೆಲಸಗಳ ಸಾಲಿಗೆ ಸೇರಿತು.

ಸೋಮವಾರ ಬೆಳಿಗ್ಗೆ ಆ ಊರಿನ ತರಕಾರಿ ಮಂಡಿಯ ಹಿಂದೆ ಚರಂಡಿ ಕಟ್ಟಿಕೊಂಡಿತು. ಅದರೊಳಗೆ ಮನುಷ್ಯನನ್ನು ಇಳಿಸಬಾರದೆಂದು ಕಾನೂನೇ ಇದೆ, ಆದರೂ ಇಳಿಸುತ್ತಾರೆ. ಮಲ್ಹಾರಿ ಸಕಟ ಮತ್ತು ಲಹು ಖುಡೆ ಮುಚ್ಚಳ ತೆಗೆದು, ತಮ್ಮ ರೂಢಿಯಂತೆ ಬಗ್ಗಿ ಜಿರಲೆ ಹುಡುಕಿದರು. ಗೋಡೆಯ ಮೇಲೆ ಜಿರಲೆ ಓಡಾಡುತ್ತಿದ್ದರೆ ಒಳಗೆ ಉಸಿರಾಡಬಹುದು. ಅವತ್ತು ಒಂದೂ ಕಾಣಲಿಲ್ಲ. ಇವತ್ತು ಬೇಡ ಎಂದ ಮಲ್ಹಾರಿ. ಕೆಲಸ ಮಾಡಿಸುವ ಮುಕಾದಮ ಕೈಯಲ್ಲಿದ್ದ ಫೋನು ತೋರಿಸಿದ.

"ಲಕ್ಷಗಟ್ಟಲೆ ರೊಕ್ಕ ಸುರದು ಯಂತ್ರ ತಂದಾರ. ಹಸರ ದೀಪ ಐತಿ ನೋಡು. ನಿನ್ನ ಜಿರಲಿ ಏನ್ ಯಂತ್ರಕ್ಕಿಂತ ಶ್ಯಾಣೆ ಏನಲೇ?"

ಮೊದಲು ಲಹು ಇಳಿದ. ಅವನು ಮೇಲೆ ಬರಲಿಲ್ಲವೆಂದು ಎಳೆಯಲು ಮಲ್ಹಾರಿ ಇಳಿದ. ಮಧ್ಯಾಹ್ನ ಅಗ್ನಿಶಾಮಕದವರು ಇಬ್ಬರನ್ನೂ ಹಗ್ಗ ಕಟ್ಟಿ ಎತ್ತಿ ಹಾಕಿದರು.

ದೀಪ ನೋಡದೆ ಇಳಿದರು, ಕುಡಿದಿದ್ದರು ಎಂದಿತು ಪುರಸಭೆ. ಹಾಗೆಂದರೆ ಪರಿಹಾರವಿಲ್ಲ, ಯಾರ ಮೇಲೂ ಕೇಸೂ ಇಲ್ಲ. ಸಾವಿನ ಬಗ್ಗೆ ಒಂದು ವಿಚಾರಣೆ ಮಾತ್ರ ನಡೆಯಬೇಕಿತ್ತು.

ಸುದ್ದಿ ಕೇಳಿದ ಸುಲಭಾ ಎಂಜಿನ್ನಿನ ಮುಂದೆ ಕೂತಳು. ಆಫೀಸಿನಲ್ಲಿ ಎಷ್ಟು ಸಲ ನೋಡಿದರೂ ದೀಪ ಸರಿಯಾಗಿಯೇ ಕೆಂಪಾಗುತ್ತಿತ್ತು. ಅಲ್ಲಿ ಪ್ರತಿ ಪರೀಕ್ಷೆಗೂ ಎಂಜಿನ್ನನ್ನು ಹೊಸದಾಗಿ ಶುರು ಮಾಡುವುದು ಅವರ ರೂಢಿ. ಶುರುವಾದಾಗಲೆಲ್ಲ ಇಂದು ಯಾವ ದಿನವೆಂದು ಅದು ಹೊಸದಾಗಿ ಬಿಡಿಸಿಕೊಳ್ಳುತ್ತಿತ್ತು. ಈ ಸಲ ಅವಳು ಎಂಜಿನ್ನನ್ನು ನಿಲ್ಲಿಸದೆ ಗಡಿಯಾರವನ್ನಷ್ಟೇ ಎರಡು ದಿನ ಮುಂದೆ ತಿರುಗಿಸಿದಳು. ವಿಷಗಾಳಿಯ ಅಳತೆ ಹಾಕಿದಳು. ದೀಪ ಹಸಿರಾಗಿಯೇ ಇತ್ತು. ಒಮ್ಮೆ ಬಿಡಿಸಿದ ಪ್ರಶ್ನೆಯನ್ನು ಎಂಜಿನ್ನು ನೆನಪಿಟ್ಟುಕೊಂಡಿತ್ತು, ಅದರೊಳಗೆ ಇಂದು ಎಂಬ ಜಾಗದಲ್ಲಿ ಶನಿವಾರ ಕೂತಿತ್ತು. ಸೋಮವಾರದ ಖಾನೆಯ ಬಾಗಿಲನ್ನು ಅದು ತೆರೆದೇ ಇರಲಿಲ್ಲ.

ಪರಾಂಜಪೆ ಎಲ್ಲವನ್ನೂ ಕೇಳಿ ಬಾಗಿಲು ಹಾಕಿಕೊಂಡು ಬಂದ. ಮುದ್ರೆ ಬದಲಾಯಿಸಿ ಹೊಸದನ್ನು ಸದ್ದಿಲ್ಲದೆ ಕಳಿಸೋಣ, ವರದಿಯಲ್ಲಿ ದೋಷವಿಲ್ಲ ಎಂದು ಬರೆಯೋಣ ಎಂದ. ಆಮೇಲೆ ದನಿ ಮೆತ್ತಗೆ ಮಾಡಿದ.

"ಸುಲಭಾ, ಒತ್ತಿದ ಕೈ ಯಾರದು? ನಿಂದು. ಬಾಯಿ ಬಿಟ್ರ ಮೊದಲ ನೀನ ಜೇಲಿಗೆ ಹೋಗಾಕಿ. ವಿಚಾರ ಮಾಡು."

ಅವಳು ವಿಚಾರ ಮಾಡಿದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಒತ್ತು ಎಂದದ್ದು ಬಾಯಿಮಾತು, ಒತ್ತಿದ್ದಕ್ಕೆ ಅವಳ ಹೆಸರಿತ್ತು. ಭಾನುವಾರ ಬಸ್ಸು ಹತ್ತಿ ಆ ಊರಿಗೆ ಹೋಗಿ ಮಲ್ಹಾರಿಯ ಹೆಂಡತಿ ಕೌಸಾಬಾಯಿಯ ಮನೆ ಹುಡುಕಿದಳು. ತಾನು ಯಾರು, ಏನು ಮಾಡಿದೆ ಎಂಬುದನ್ನು ಹೊಸ್ತಿಲಲ್ಲಿ ನಿಂತೇ ಹೇಳಿ ಮುಗಿಸಿದಳು. ಕೌಸಾಬಾಯಿ ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಯಾರ ಪೈಕಿ ನೀ?"

ಸುಲಭಾ ಹೇಳಿದಳು.

"ನಮ್ಮಾಕೀನ. ನಮ್ಮಾಕೀನ ಒತ್ತೀದಿ." ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ಬಡಿದಳು. "ಅಳಬ್ಯಾಡ. ಅಳೋದು ನನ್ನ ಪಾಳಿ. ನನ್ನ ಗಂಡ ಮಾಳಕರಿ, ತುಳಸಿಮಾಲಿ ಹಾಕಿದಾಂವ, ಶೆರೆ ಮುಟ್ಟಿದಾಂವಲ್ಲ. ಅವನ್ನ ಕುಡುಕ ಅಂತ ಬರದಾರ. ನಿನ್ನ ಮಾಫಿ ತಗೊಂಡು ನಾ ಏನ್ ಮಾಡ್ಲಿ? ದೀಪ ಹಸರ ಇತ್ತು ಅಂತ ವಿಚಾರಣ್ಯಾಗ ಬಂದು ಹೇಳು."

ಒಳಗೆ ಬಾ ಎಂದು ಕರೆಯಲಿಲ್ಲ. ನೀರೂ ಕೊಡಲಿಲ್ಲ.

ಸುಲಭಾ ಹೋಗಿ ಹೇಳಿದಳು. ದೀಪ ಹಸಿರಿತ್ತು, ಅದನ್ನು ಹಸಿರಾಗಿ ನಿಲ್ಲಿಸಿದ ಕೈ ನನ್ನದು, ಒತ್ತಿಸಿದ ಬಾಯಿ ಇಂಥವರದು, ಒತ್ತುವಾಗ ಕೋಣೆಯಲ್ಲಿ ಇಂಥಿಂಥವರಿದ್ದರು. ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು. ಗುಟ್ಟು ಬಯಲು ಮಾಡಿದಳೆಂದು ಕಂಪನಿಯ ದಾವೆ, ಸಾವಿಗೆ ಕಾರಣಳಾದಳೆಂದು ಪೊಲೀಸರ ಕೇಸು, ಎರಡೂ ಅವಳೊಬ್ಬಳ ಮೇಲೆ. ಪರಾಂಜಪೆಗೆ ಬಡ್ತಿಯಾಗಿದೆ. ಕೋಣೆಯಲ್ಲಿದ್ದವರನ್ನು ಕರೆದು ಕೇಳಿದಾಗ ಒಬ್ಬ ನೆನಪಿಲ್ಲ ಎಂದ, ಇನ್ನೊಬ್ಬ ಊಟಕ್ಕೆ ಹೋಗಿದ್ದೆ ಎಂದ. ಒಬ್ಬಳೇ ಹೇಳಿದ್ದನ್ನು ಸಾಕ್ಷಿಯೆಂದು ಹಿಡಿಯಲಾಗದು ಎಂದು ವಿಚಾರಣೆಯ ಅಧಿಕಾರಿ ಬರೆದಿದ್ದಾನೆ. ಮಲ್ಹಾರಿ, ಲಹು ಇಬ್ಬರೂ ಕಾಗದದ ಮೇಲೆ ಇವತ್ತಿಗೂ ಕುಡುಕರೇ. ಇನ್ನೊಂದು ವಿಚಾರಣೆ ಉಳಿದಿದೆ.

ಸುಲಭಾ ಮುದ್ರೆ ಒತ್ತಿದ ಆ ಕೋಣೆಯಲ್ಲಿ ಕನ್ನಡ ಓದುವವರೂ ಇದ್ದರು. ಇಂಥ ನೂರು ಕೋಣೆಗಳಲ್ಲಿ ನೀವೂ ಕೂತಿದ್ದೀರಿ, ಒತ್ತುವುದನ್ನು ನೋಡಿದ್ದೀರಿ, ಆಮೇಲೆ ತೆಗೆದರಾಯಿತು ಎಂಬ ಮಾತಿಗೆ ತಲೆಯಾಡಿಸಿದ್ದೀರಿ. ಕನಿಕರ ನಮ್ಮ ಕೇರಿಯವರಿಗೆ ಬೇಡ. ಉಳಿದ ವಿಚಾರಣೆಗೆ ಎದ್ದು ಬನ್ನಿ, ನಿಮ್ಮ ಹೆಸರು ಹೇಳಿ, ನಾನು ಅಲ್ಲಿದ್ದೆ ಅನ್ನಿ.