ಅವ್ವನಿಗೆ ಹತ್ತಿದ ನಿದ್ದೆ

ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದ ವೇದಿಕೆಯಲ್ಲಿ ಸಮ್ಮೋಹನಕಾರರೊಬ್ಬರು ಕೆಲವು ಯುವಕರಿಗೆ ‘ಕಣ್ಣುಗಳು ಭಾರವಾಗುತ್ತಿವೆ, ಮಲಗಿ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಯುವಕರು ಇನ್ನೂ ಕಿಸಿಕಿಸಿ ನಗುತ್ತಿರುವಾಗಲೇ, ಪ್ರೇಕ್ಷಕರ ನಡುವೆ ನನ್ನ ಪಕ್ಕ ಕೂತಿದ್ದ ಅವ್ವ ಗೊರಕೆ ಹೊಡೆಯತೊಡಗಿದಳು. ಜನ ಗೊಳ್ಳೆಂದು ನಕ್ಕರು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಸರಿಯಾಗಿ ನಿದ್ದೆಯೇ ಹತ್ತಿರಲಿಲ್ಲ. ‘ಎಬ್ಬಿಸಬ್ಯಾಡ್ರಿ, ಆಕಿ ನಿದ್ದಿ ಮಾಡಿ ಭಾಳ ದಿನ ಆಗೈತಿ’ ಎಂದು ಕೈಮುಗಿದೆ. ಸಮ್ಮೋಹನಕಾರರು ಮೈಕ್ ಬಂದ್ ಮಾಡಿ ಉಳಿದ ಆಟ ನಡೆಸಿದರು. ಜನ ಚಪ್ಪಾಳೆಯ ಬದಲು ಕೈ ಬೀಸಿದರು.

ಮಂಟಪ ಖಾಲಿಯಾದ ಮೇಲೆ ಎದ್ದ ಅವ್ವ, ‘ನಿಮ್ಮಪ್ಪನೂ ಹಿಂಗ ಮೆಲ್ಲಕ ಮಾತಾಡತಿದ್ದ, ಕೇಳಿಕೋತ ಮಲಗತಿದ್ನಿ’ ಎಂದು ನಕ್ಕಳು.

ಈಗ ದಿನಾ ಅವಳ ಮಗ್ಗುಲಲ್ಲಿ ಕೂತು ಸಂತೆಯ ಸುದ್ದಿ, ನೆರೆಮನೆಯ ಸುದ್ದಿ ಹೇಳುತ್ತೇನೆ. ಎಷ್ಟೋ ಸುದ್ದಿಗಳು ಅರ್ಧಕ್ಕೇ ಉಳಿದಿವೆ.